ಪಾಲು, ಹಾಲು, ಆಲು

ಆಷಾಢದ ಗಾಳಿ ಬೀಸತೊಡಗಿತೆಂದರೆ ಗುಂಡ್ಲುಪೇಟೆಯ ಹೊಲಗಳಿಗೆ ನೆಂಟರು ಬರತೊಡಗುತ್ತಾರೆ. ಯಾರೂ ಕರೆದವರಲ್ಲ. ರಸ್ತೆಯ ಎಡಬಲಕ್ಕೆ ಸೂರ್ಯಕಾಂತಿ ಅರಳಿ ನಿಂತದ್ದೇ ಕರೆಯೋಲೆ. ಸುಲ್ತಾನ್ ಬತ್ತೇರಿ, ಕಲ್ಲಿಕೋಟೆ, ಮಲಪ್ಪುರದ ಕಡೆಯಿಂದ ಕಾರುಗಳು ಕಾಡು ದಾಟಿ ಬಂದು ಹೊಲದ ಬದುವಿನ ಪಕ್ಕ ಸಾಲುಗಟ್ಟುತ್ತವೆ. ಕಾರಿನಿಂದ ಇಳಿದ ಅಪ್ಪ ಅಮ್ಮ ಮಕ್ಕಳು ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಮೊದಮೊದಲು ಗಿಡ ತುಳಿಯುತ್ತಾರೆಂದು ರೈತರು ಗದರುತ್ತಿದ್ದರು. ಗದರಿದರೆ ಪ್ರಯೋಜನವಿಲ್ಲವೆಂದು ಕಂಡ ಮೇಲೆ ಬೇಲಿಗೊಂದು ದಾರಿ ಬಿಟ್ಟು, ತಲೆಗಿಷ್ಟು ಎಂದು ಕಾಸು ಕೇಳತೊಡಗಿದರು. ಸ್ಲೇಟು ಹಿಡಿಯದ ಹೆಂಗಸೂ ಈಗ ಹೊಲದ ಬಾಯಲ್ಲಿ ನಿಂತು ‘ಚೇಟ್ಟಾ, ಇರುಪದ್ ರೂಪ’ ಎನ್ನಬಲ್ಲಳು. ಅಣ್ಣಾ, ಇಪ್ಪತ್ತು ರೂಪಾಯಿ ಎಂದರ್ಥ.

ಈ ‘ಇರುಪದ್ ರೂಪ’ದ ಹಿಂದೆ ಒಂದು ದೊಡ್ಡ ಕಥೆಯಿದೆ. ಬಂದ ನೆಂಟ ಇಲ್ಲಿಯ ಮಾತು ಕಲಿಯಲಿಲ್ಲ, ಮನೆಯಾಕೆಯೇ ನೆಂಟನ ಮಾತು ಕಲಿತಳು. ಗಡಿಯೂರಿನಲ್ಲಿ ಇದು ಯಾವಾಗಲೂ ಹೀಗೇ ನಡೆದುಕೊಂಡು ಬಂದಿದೆಯೇ? ನಡೆದರೆ ತಪ್ಪೇ?

ಮೊದಲು ಭೂಪಟ ತೆಗೆದು ನೋಡಿ. ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 60 ಕಿ.ಮೀ. ಬಂದರೆ ಗುಂಡ್ಲುಪೇಟೆ. ಅಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ಮದ್ದೂರು, ಮೂಲೆಹೊಳೆಯ ಮೂಲಕ ಕೇರಳದ ವಯನಾಡಿಗೆ. ಇನ್ನೊಂದು ಬಂಡೀಪುರ ಹಾದು ತಮಿಳುನಾಡಿನ ಊಟಿಗೆ. ಪೂರ್ವಕ್ಕೆ ಹೊರಳಿ ತೆರಕಣಾಂಬಿಯ ದಾರಿ ಹಿಡಿದರೆ ಚಾಮರಾಜನಗರ. ಅಲ್ಲಿಂದ ಮತ್ತೆ ದಕ್ಷಿಣಕ್ಕೆ ಹೊರಟರೆ ಒಂದು ಗಂಟೆಯೊಳಗೆ ತಮಿಳುನಾಡಿನ ತಾಳವಾಡಿ. ಮೈಸೂರಿನಿಂದ ಬರುವ ರೈಲು ಹಳಿ ಮಾತ್ರ ಚಾಮರಾಜನಗರದಲ್ಲೇ ಮುಗಿದುಬಿಡುತ್ತದೆ. ಮುಂದಿನದು ಬೆಟ್ಟ, ಕಾಡು, ಆನೆ. ಅದಾಚೆಗೆ ಮತ್ತೊಂದು ರಾಜ್ಯ, ಮತ್ತೊಂದು ಲಿಪಿ.

ಹೂವಿನ ಹೊಲಕ್ಕೆ ಮರಳೋಣ. ಸೂರ್ಯಕಾಂತಿ ಒಣಗುವ ಹೊತ್ತಿಗೆ ಚೆಂಡು ಹೂವಿನ ಸರದಿ. ಓಣಂ ಹಬ್ಬದ ಪೂಕ್ಕಳಂ, ಅಂದರೆ ಅಂಗಳದ ಹೂವಿನ ರಂಗೋಲಿ, ಇಲ್ಲಿಯ ಹೂವಿನಿಂದಲೇ ತುಂಬುತ್ತದೆಂದು ಬಂದವರು ಸಂತೋಷಪಡುತ್ತಾರೆ. ಒಂದಿಷ್ಟು ಹಾಗೆ ಹೋಗುವುದೂ ಹೌದು. ಆದರೆ ಗಾಡಿಗಟ್ಟಲೆ ಹೂವು ಹೋಗುವುದು ಕಾರ್ಖಾನೆಗೆ. ಒಣಗಿಸಿ, ಹಿಂಡಿ, ಅದರ ಬಣ್ಣ ತೆಗೆಯುತ್ತಾರೆ. ಆ ಬಣ್ಣ ಕೋಳಿಯ ಮೇವಿಗೆ ಸೇರಿ, ಮೊಟ್ಟೆಯ ಹಳದಿ ಇನ್ನಷ್ಟು ಹಳದಿಯಾಗುತ್ತದೆ. ಫೋಟೋದಲ್ಲಿ ಈ ಸಂಗತಿ ಕಾಣಿಸುವುದಿಲ್ಲ. ಮೊದಲೇ ಮಾಡಿಕೊಂಡ ಒಪ್ಪಂದದ ದರದಲ್ಲಿ ಕೊಡಬೇಕಾದ ಹೂವನ್ನು ಹೊತ್ತಾರೆ ಎದ್ದು ಕಿತ್ತ ಬೆನ್ನೂ ಕಾಣಿಸುವುದಿಲ್ಲ.

ನೋಡಲು ಬಂದವರು ನೋಡಿ ಹೋಗುತ್ತಾರೆ. ಕೊಳ್ಳಲು ಬಂದವರು ಬೇರೆ. ಗುಂಡ್ಲುಪೇಟೆ, ತೆರಕಣಾಂಬಿಯ ಮಾರುಕಟ್ಟೆಗಳಿಂದ ಬೀನ್ಸು, ಟೊಮೇಟೊ, ಕೋಸು, ಬಾಳೆ ದಿನಾ ಗಡಿ ದಾಟುತ್ತವೆ. ಓಣಂ ವಾರದಲ್ಲಿ ಇಲ್ಲಿ ಬೆಲೆ ಏರಿತೆಂದರೆ ಕಾರಣ ಹೇಳಬೇಕಿಲ್ಲ. ಇನ್ನು ಕೆಲವರು ಭೂಮಿಯನ್ನೇ ಗುತ್ತಿಗೆ ಹಿಡಿದು ಶುಂಠಿ ಹಾಕಿದರು. ವಯನಾಡಿನಲ್ಲಿ ರೋಗ ಬಿದ್ದ ನೆಲ ಬಿಟ್ಟು ಹೊಸ ನೆಲ ಹುಡುಕಿ ಬಂದವರು ಅವರು. ಕೈಗೆ ಒಂದೇ ಗಂಟಿನಲ್ಲಿ ಹಣ ಬಂತೆಂದು ಸಂತೋಷಪಟ್ಟ ರೈತರುಂಟು, ಬೋರ್‌ವೆಲ್ಲೂ ಮಣ್ಣಿನ ಸಾರವೂ ಹೋಯಿತೆಂದು ಹಲುಬಿದವರುಂಟು. ಹೆದ್ದಾರಿಯ ಹೋಟೆಲುಗಳಲ್ಲಿ ಪರೋಟ, ಮೀನಿನ ಸಾರು, ಕೆಂಪಕ್ಕಿ ಅನ್ನ. ಫಲಕಗಳ ಮೇಲೆ ಮಲಯಾಳದ ಗುಂಡು ಗುಂಡು ಅಕ್ಷರ.

ಈ ಫಲಕಗಳೇ ಬೆಂಗಳೂರು ಮೈಸೂರಿನಿಂದ ಬಂದವರ ಕಣ್ಣು ಚುಚ್ಚುವುದು. ಕರ್ನಾಟಕದೊಳಗೆ ಇದೇನು ಎಂದು ಅವರು ಕೇಳುತ್ತಾರೆ. ಕೇಳುವುದರಲ್ಲಿ ನ್ಯಾಯವಿಲ್ಲದಿಲ್ಲ. ಫಲಕದ ಮೇಲ್ಭಾಗದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯೂ ಆಗಿದೆ. ಆದರೆ ಅಂಗಡಿಯಾತನಿಗೆ ಅದು ವ್ಯಾಪಾರ. ಮಲಯಾಳ ಬರೆಸಿದರೆ ಕಾರು ನಿಲ್ಲುತ್ತದೆ. ಮನೆಯಲ್ಲಿ ಆತ ಆಡುವುದು ಕನ್ನಡ, ಹರಕೆ ಹೊರುವುದು ಮಾದಪ್ಪನಿಗೆ. ಅವನ ಕನ್ನಡತನಕ್ಕೆ ಒಂದು ಬೋರ್ಡಿನಿಂದ ಕುಂದು ಬಂದೀತೆಂದು ಅವನಿಗೆ ಅನ್ನಿಸುವುದಿಲ್ಲ. ಕನ್ನಡ ಬಾರದ ಗಿರಾಕಿ ಮೂರನೆಯ ಸಲ, ಮೂವತ್ತನೆಯ ಸಲ ಬಂದಾಗಲೂ ‘ನೀರು’ ಎಂಬ ಒಂದು ಪದ ಕಲಿಯದೆ ‘ವೆಳ್ಳಂ’ ಎಂದೇ ಕೇಳಿದಾಗ ಮಾತ್ರ ಒಳಗೆಲ್ಲೋ ಸಣ್ಣದೊಂದು ಮುಳ್ಳಾಡುತ್ತದೆ. (ತಮಾಷೆಯೆಂದರೆ ಇದೇ ‘ವೆಳ್ಳಂ’ ಊಟಿ ರಸ್ತೆಯ ಕಡೆ ಹೋದರೆ ಪ್ರವಾಹ! ತಮಿಳಿನಲ್ಲಿ ಅದಕ್ಕೆ ಆ ಅರ್ಥ.)

ದೂರದ ಇನ್ನೊಂದು ಗಡಿಯನ್ನು ಇಲ್ಲಿ ನೆನೆಯಬಹುದು. ಇಂಗ್ಲೆಂಡಿನ ಪಶ್ಚಿಮಕ್ಕೆ ಅಂಟಿಕೊಂಡಿರುವ ವೇಲ್ಸ್. ಬೆಟ್ಟ, ಕುರಿ, ಮಳೆಯ ನಾಡು. ಅಲ್ಲಿಗೂ ರಜೆ ಬಂತೆಂದರೆ ಇಂಗ್ಲಿಷರ ಕಾರುಗಳು ಸಾಲುಗಟ್ಟುತ್ತವೆ. ಇಂಗ್ಲಿಷ್ ಪ್ರವಾಸಿಗರ ಒಂದು ಹಳೆಯ ದೂರಿದೆ. ‘ನಾವು ಪಬ್ಬಿನೊಳಗೆ ಕಾಲಿಟ್ಟದ್ದೇ ತಡ, ಅಲ್ಲಿದ್ದವರೆಲ್ಲ ಬೇಕೆಂದೇ ವೆಲ್ಷ್ ಭಾಷೆಗೆ ತಿರುಗಿದರು’ ಎಂದು. ವೇಲ್ಸಿನವರು ಇದಕ್ಕೆ ನಗುತ್ತಾರೆ. ಅವರು ತಿರುಗಿದ್ದಲ್ಲ, ಬಾಗಿಲು ತೆರೆಯುವ ಮೊದಲೂ ಅದೇ ಮಾತನ್ನೇ ಆಡುತ್ತಿದ್ದರು. ಗುಂಡ್ಲುಪೇಟೆಯಲ್ಲಿ ಇದರ ತಿರುವುಮುರುವು. ಗಿರಾಕಿ ಬಾಗಿಲಲ್ಲಿ ಕಂಡದ್ದೇ ತಡ, ಒಳಗಿದ್ದವರು ಗಿರಾಕಿಯ ಭಾಷೆಗೆ ತಿರುಗುತ್ತಾರೆ. ಅಲ್ಲಿಯವರಿಗೆ ಬಿಗುಮಾನ, ಇಲ್ಲಿಯವರಿಗೆ ಅಭಿಮಾನವಿಲ್ಲ ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ಅವಸರ ಬೇಡ.

ವೇಲ್ಸಿನವರು ಪಟ್ಟ ಪಾಡೇ ಬೇರೆ. 1847ರಲ್ಲಿ ಇಂಗ್ಲಿಷ್ ಅಧಿಕಾರಿಗಳು ಅಲ್ಲಿಯ ಶಾಲೆಗಳನ್ನು ನೋಡಿ ವರದಿ ಬರೆದರು. ಜನರ ಹಿಂದುಳಿದಿರುವಿಕೆಗೆ, ನಡತೆಗೆಟ್ಟಿರುವುದಕ್ಕೆ ಅವರ ಭಾಷೆಯನ್ನೇ ದೂರಿದರು. ನೀಲಿ ರಟ್ಟಿನ ಆ ಸಂಪುಟಗಳನ್ನು ವೇಲ್ಸಿನ ಜನ ಇಂದಿಗೂ ‘ನೀಲಿ ಪುಸ್ತಕಗಳ ದ್ರೋಹ’ ಎಂದೇ ಕರೆಯುತ್ತಾರೆ. ಆ ಶತಮಾನದಲ್ಲಿ ಎಷ್ಟೋ ಶಾಲೆಗಳಲ್ಲಿ ವೆಲ್ಷ್ ಆಡಿದ ಮಗುವಿನ ಕೊರಳಿಗೆ ಒಂದು ಮರದ ತುಂಡು ತೂಗುಹಾಕುತ್ತಿದ್ದರು. ಇನ್ನೊಬ್ಬ ಹುಡುಗ ಅದೇ ತಪ್ಪು ಮಾಡಿದರೆ ತುಂಡು ಅವನ ಕೊರಳಿಗೆ. ದಿನದ ಕೊನೆಗೆ ಯಾರ ಕೊರಳಲ್ಲಿತ್ತೋ ಅವನಿಗೆ ಏಟು. ಹೀಗೆ ಮನೆಮಾತು ನಾಚಿಕೆಯ ಮಾತಾಯಿತು. 1967, 1993, 2011ರಲ್ಲಿ ಒಂದೊಂದೇ ಕಾನೂನು ಬಂದು ವೆಲ್ಷ್‌ಗೆ ಅಧಿಕೃತ ಸ್ಥಾನ ಸಿಕ್ಕಿತು. ಆದರೂ 2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲೆವೆಂದವರು ಸುಮಾರು 5 ಲಕ್ಷ 38 ಸಾವಿರ ಮಂದಿ, ಶೇ. 17.8. ಸ್ನೋಡನ್ ಬೆಟ್ಟವನ್ನು ಅದರ ಸ್ವಂತ ಹೆಸರಾದ ‘ಅರ್ ವಿದ್ವ’ ಎಂದೇ ಕರೆಯಲು ಅಲ್ಲಿಯ ರಾಷ್ಟ್ರೀಯ ಉದ್ಯಾನದ ಆಡಳಿತ ತೀರ್ಮಾನಿಸಿದ್ದು 2022ರಲ್ಲಿ.

ಗುಂಡ್ಲುಪೇಟೆಯ ಕನ್ನಡಕ್ಕೆ ಇಂಥ ಮರದ ತುಂಡನ್ನು ಮಲಯಾಳಿಗಳಾಗಲಿ ತಮಿಳರಾಗಲಿ ತೂಗುಹಾಕಿಲ್ಲ. ತೂಗುಹಾಕಿದವರು ಯಾರಾದರೂ ಇದ್ದರೆ ಅವರು ಕನ್ನಡದವರೇ.

ಈ ಸೀಮೆಯ ಮಾತನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಇಲ್ಲಿ ‘ಹಾಲು’ ಆಲು, ‘ಹಬ್ಬ’ ಅಬ್ಬ, ‘ಹೂವು’ ಊವು. ಮಾತಿನ ತುದಿಗೊಂದು ‘ಕನ’. ಹಿರಿಯರನ್ನೂ ದೊಡ್ಡವರನ್ನೂ ಕರೆಯಲು ‘ಬುದ್ದೀ’. ಚಾಮರಾಜನಗರದ ಹುಡುಗ ಮೈಸೂರಿನ ಕಾಲೇಜಿಗೆ ಸೇರಿ ಹಾಸ್ಟೆಲಿನಲ್ಲಿ ‘ಆಲು ಕೊಡಿ’ ಎಂದರೆ ಮೇಜಿನ ಸುತ್ತ ನಗೆ. ಸಿನಿಮಾದಲ್ಲಿ ಪೆದ್ದನ ಪಾತ್ರಕ್ಕೆ ಹಾಕಿಕೊಂಡ ಮಾತೂ ಎಷ್ಟೋ ಸಲ ಇದೇ ಆಗಿತ್ತು. ಹೀಗಾಗಿ ಅವನು ‘ಹ’ಕಾರ ಕಲಿಯುತ್ತಾನೆ. ಕಲಿಯುವ ಭರದಲ್ಲಿ ‘ಆಕಾಶ’ವನ್ನು ‘ಹಾಕಾಶ’ ಮಾಡುತ್ತಾನೆ. ಮತ್ತೆ ನಗೆ.

ನಕ್ಕವರಿಗೆ ಒಂದು ಸಣ್ಣ ಪಾಠ ಗೊತ್ತಿದ್ದರೆ ಚೆನ್ನಾಗಿತ್ತು. ಪಂಪನ ಕಾಲದ ಹಳಗನ್ನಡದಲ್ಲಿ ಹಾಲು ‘ಪಾಲ್’, ಹೂವು ‘ಪೂ’, ಹುಲಿ ‘ಪುಲಿ’. ಮುಂದಿನ ಶತಮಾನಗಳಲ್ಲಿ ಕನ್ನಡದ ‘ಪ’ಕಾರ ಸವೆದು ‘ಹ’ಕಾರವಾಯಿತು. ತಮಿಳು ಮಲಯಾಳಗಳು ‘ಪ’ಕಾರವನ್ನು ಹಾಗೇ ಉಳಿಸಿಕೊಂಡವು. ಅಲ್ಲಿ ಇಂದಿಗೂ ಪಾಲ್, ಪುಲಿ. ಚಾಮರಾಜನಗರ ಸೀಮೆಯ ಬಾಯಲ್ಲಿ ‘ಹ’ಕಾರವೂ ಸವೆದು ‘ಆಲು’ ಉಳಿಯಿತು. ಅಂದರೆ ಮೂಲೆಹೊಳೆಯಿಂದ ಮೈಸೂರಿನವರೆಗಿನ ಒಂದೇ ರಸ್ತೆಯಲ್ಲಿ ಪಾಲು, ಹಾಲು, ಆಲು ಮೂರೂ ಸಿಗುತ್ತವೆ! ‘ಪ’ ಹೋಗಿ ‘ಹ’ ಆದದ್ದು ಶುದ್ಧ, ‘ಹ’ ಹೋದದ್ದು ಅಶುದ್ಧ ಎನ್ನಲು ಯಾವ ವ್ಯಾಕರಣದ ಆಧಾರವಿದೆ? ಅಧಿಕಾರ ಎಲ್ಲಿತ್ತೋ ಶುದ್ಧವೂ ಅಲ್ಲಿತ್ತು, ಅಷ್ಟೆ.

ಇದೇ ಸೀಮೆಯ ಪಕ್ಕದ ದೇವನೂರಿನವರಾದ ದೇವನೂರ ಮಹಾದೇವ ಈ ಆಡುಮಾತಿನಲ್ಲೇ ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗುಂಡ್ಲುಪೇಟೆಯ ಹೆಸರನ್ನಂತೂ ಕನ್ನಡದ ಮಕ್ಕಳೆಲ್ಲ ತಿಳಿಯದೆಯೇ ಉಚ್ಚರಿಸುತ್ತಾರೆ. ನಾಯಿಮರಿಯ ಪದ್ಯ ಬರೆದ ಜಿ.ಪಿ. ರಾಜರತ್ನಂ ಅವರ ‘ಜಿ.ಪಿ.’ ಎಂದರೆ ‘ಗುಂಡ್ಲು ಪಂಡಿತ’. ಅದೇ ರಾಜರತ್ನಂ ‘ರತ್ನನ ಪದಗಳು’ ಬರೆಯಲು ಆರಿಸಿಕೊಂಡದ್ದು ಪುಸ್ತಕದ ಕನ್ನಡವನ್ನಲ್ಲ, ಬೀದಿಯ ಕನ್ನಡವನ್ನು.

ಇಷ್ಟು ಹೊತ್ತು ಗಡಿಯ ಈಚೆ ಇದ್ದದ್ದಾಯಿತು. ಆಚೆಗೂ ಒಂದು ಹೆಜ್ಜೆ.

ಚಾಮರಾಜನಗರಕ್ಕೆ ಹಿಂದೆ ಅರಿಕುಠಾರ ಎಂಬ ಹೆಸರಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರೆಂದು 1818ರಲ್ಲಿ ಅವರ ಹೆಸರನ್ನೇ ಇಟ್ಟರು. ಮುಂದೆ ಚಾಮರಾಜೇಶ್ವರನ ದೊಡ್ಡ ದೇವಸ್ಥಾನ ಕಟ್ಟಿಸಿದರು. ಊರು ಜಿಲ್ಲಾ ಕೇಂದ್ರವಾದದ್ದು 1997ರಲ್ಲಿ. ತಾಳವಾಡಿ ಫಿರ್ಕಾದ ಜನಕ್ಕೆ ಮಾತ್ರ ಅದಕ್ಕೂ ಮೊದಲಿನಿಂದಲೇ ಇದು ಪೇಟೆ. ಅವರ ಆಡಳಿತದ ಊರು ಈರೋಡು. ಅಲ್ಲಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಚಾಮರಾಜನಗರಕ್ಕೋ ಸಪಾಟು ದಾರಿ. ಭಾಷೆಯೂ ಒಂದೇ, ಹೆಣ್ಣು ಕೊಟ್ಟು ತರುವುದೂ ಇಲ್ಲಿಗೇ.

ಹಾಗಿದ್ದ ಮೇಲೆ ಅದು ತಮಿಳುನಾಡಿನಲ್ಲಿ ಏಕಿದೆ? ಸ್ವಾತಂತ್ರ್ಯಕ್ಕೆ ಮುಂಚೆ ಕೊಳ್ಳೇಗಾಲವೂ ತಾಳವಾಡಿಯೂ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯವು. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು. ತಾಳವಾಡಿಯ ಹಳ್ಳಿಗಳು ಇದ್ದಲ್ಲೇ ಉಳಿದವು. ತಾಲ್ಲೂಕು ತಾಲ್ಲೂಕಾಗಿ ಗೆರೆ ಎಳೆದಾಗ ತಾಲ್ಲೂಕಿನ ಅಂಚಿನಲ್ಲಿರುವವರ ಗತಿ ಹೀಗೇ.

ಆ ಉಳಿದ ಹಳ್ಳಿಗಳಲ್ಲಿ ಒಂದು ಗಾಜನೂರು. 1929ರ ಏಪ್ರಿಲ್ 24ರಂದು ಅಲ್ಲಿ ಹುಟ್ಟಿದ ಮುತ್ತುರಾಜ ಮುಂದೆ ರಾಜ್‌ಕುಮಾರ್ ಆದರು. 1982ರಲ್ಲಿ ಗೋಕಾಕ್ ಚಳವಳಿಗೆ ಅವರು ಧುಮುಕಿದ ಮೇಲೆ ಅದು ನಾಡಿನ ಮನೆಮನೆಯ ಚಳವಳಿಯಾಯಿತು. ಕನ್ನಡವೆಂದರೆ ಅವರು, ಅವರೆಂದರೆ ಕನ್ನಡ ಎನ್ನುವಂತಾದ ವ್ಯಕ್ತಿಯ ತೊಟ್ಟಿಲು ತೂಗಿದ ಊರು ಇಂದು ತಮಿಳುನಾಡಿನ ಭೂಪಟದಲ್ಲಿದೆ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಕಾಡಿಗೆ ಒಯ್ದದ್ದೂ ಇದೇ ಊರಿನ ಮನೆಯಿಂದ. ಆ 108 ದಿನ ಎರಡೂ ರಾಜ್ಯಗಳು ಉಸಿರು ಬಿಗಿಹಿಡಿದಿದ್ದವು. ಈಗ ಅಭಿಮಾನಿಗಳು ಕರ್ನಾಟಕದಿಂದ ಗಡಿ ದಾಟಿ ಆ ಮನೆ ನೋಡಲು ಹೋಗುತ್ತಾರೆ. ದಾರಿ ಕೇಳಲು ತಮಿಳು ಬೇಕಾದೀತೆಂದು ಅಳುಕುವವರಿಗೆ ಹಳ್ಳಿಯ ಜನ ಅಚ್ಚ ಚಾಮರಾಜನಗರದ ಕನ್ನಡದಲ್ಲೇ ದಾರಿ ತೋರಿಸುತ್ತಾರೆ. ದೀಪಾವಳಿಯ ಮುಗಿತಕ್ಕೆ ಗುಮಟಾಪುರದಲ್ಲಿ ಬೀರೇಶ್ವರನ ಗುಡಿಯ ಬಳಿ ಸಗಣಿ ಎರಚಾಡುವ ಗೋರೆಹಬ್ಬ ನಡೆದಾಗಲೂ ಅಷ್ಟೆ. ದೂರದ ಪತ್ರಿಕೆಗಳಿಗೆ ಅದು ತಮಿಳುನಾಡಿನ ವಿಚಿತ್ರ ಹಬ್ಬ. ಬೈಗುಳ, ಹಾಡು, ನಗೆ ಎಲ್ಲವೂ ಕನ್ನಡ.

ಆದರೆ ಆ ಹಳ್ಳಿಗಳ ಮಕ್ಕಳು ಚೀಲ ಹೆಗಲಿಗೇರಿಸಿ ಹೊರಡುವಾಗ ಪ್ರಶ್ನೆ ಗಂಭೀರವಾಗುತ್ತದೆ. ಮೂರೂ ರಾಜ್ಯಗಳು ಶಾಲೆಯಲ್ಲಿ ತಮ್ಮ ತಮ್ಮ ಭಾಷೆಯನ್ನು ಕಡ್ಡಾಯ ಮಾಡುವ ಕಾನೂನು ತಂದಿವೆ. ತಮಿಳುನಾಡು 2006ರಲ್ಲಿ, ಕರ್ನಾಟಕ 2015ರಲ್ಲಿ, ಕೇರಳ 2017ರಲ್ಲಿ. ಕೇರಳದ್ದು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಪ್ರತಿಯೊಂದು ಕಾನೂನೂ ಒಳಗಿನವರಿಗೆ ನ್ಯಾಯವಾಗಿಯೇ ಕಾಣುತ್ತದೆ, ಗೆರೆಯ ಮೇಲೆ ಕೂತವನಿಗೆ ಮಾತ್ರ ಹೆಗಲ ಭಾರ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು 1956ರಲ್ಲೇ ಸಂವಿಧಾನಕ್ಕೆ 350-ಎ ವಿಧಿಯನ್ನು ಸೇರಿಸಲಾಗಿದೆ. ತಾಳವಾಡಿಯ ತಂದೆತಾಯಿ ಮಾಡುವ ಲೆಕ್ಕ ಸಂವಿಧಾನದ್ದಲ್ಲ. ಕೆಲಸ ಸಿಗುವುದು ತಮಿಳಿಗೋ ಕನ್ನಡಕ್ಕೋ ಇಂಗ್ಲಿಷಿಗೋ ಎಂಬುದು. ಈ ಲೆಕ್ಕದಲ್ಲಿ ಮನೆಮಾತಿನ ಅಕ್ಷರ ಬಾರದ ಮಕ್ಕಳು ಬೆಳೆಯುತ್ತಾರೆ. ಅಜ್ಜಿಯ ಜೊತೆ ಕನ್ನಡ ಆಡಬಲ್ಲರು, ಚಾಮರಾಜನಗರದ ಬಸ್ಸಿನ ಬೋರ್ಡು ಓದಲಾರರು.

ಇವರಿಗಾದರೂ ಪಕ್ಕದಲ್ಲೊಂದು ರಾಜ್ಯವಿದೆ. ಬಂಡೀಪುರ, ಬಿಳಿಗಿರಿಯ ಸೋಲಿಗರ, ಜೇನುಕುರುಬರ ನುಡಿಗೆ ಯಾವ ರಾಜ್ಯವೂ ಇಲ್ಲ. ಜೇನುಕುರುಬರಿಗೆ ಹತ್ತಿರದವರೆನ್ನುವ ಕಾಟ್ಟುನಾಯ್ಕರು ವಯನಾಡಿನಲ್ಲಿದ್ದಾರೆ. ಈಚೆಗೆ ಕನ್ನಡ ಶಾಲೆ, ಆಚೆಗೆ ಮಲಯಾಳ ಶಾಲೆ. ಒಂದೇ ಮಾತು ಎರಡು ಲಿಪಿಗಳ ನಡುವೆ ನಿಂತಿದೆ.

ವಯನಾಡಿಗೂ ಈ ಸೀಮೆಗೂ ಇರುವ ನಂಟು ಹೂವಿನ ಹೊಲ ಕಂಡುಹಿಡಿದದ್ದಲ್ಲ. ಟಿಪ್ಪುವಿನ ಮದ್ದುಗುಂಡಿನ ನೆಲೆಯಿಂದ ಹೆಸರು ಪಡೆದ ಸುಲ್ತಾನ್ ಬತ್ತೇರಿಯಲ್ಲಿ ಹಳೆಯ ಜೈನ ಬಸದಿಯಿದೆ. ಆ ಜಿಲ್ಲೆಯ ಜೈನ ಗೌಡರ ಮೂಲ ಕನ್ನಡನಾಡು. ನೀಲಗಿರಿಯ ಬಡಗರ ಹೆಸರೇ ‘ಬಡಗಣವರು’ ಎಂದು ಹೇಳುತ್ತದೆ. ಅವರ ಮಾತು ಕೇಳಿದರೆ ಗುಂಡ್ಲುಪೇಟೆಯವರಿಗೆ ಅರ್ಧಕ್ಕರ್ಧ ತಿಳಿಯುತ್ತದೆ. ದುಡಿಮೆಗಾಗಿ ಘಾಟಿ ಇಳಿದವರೂ ಕಡಿಮೆಯಲ್ಲ. 2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿಯ ಬಳಿ ಮುಂಡಕ್ಕೈ, ಚೂರಲ್‌ಮಲೆಯ ಮೇಲೆ ಗುಡ್ಡ ಜರಿದಾಗ ಸತ್ತವರಲ್ಲಿ ಚಾಮರಾಜನಗರ ಜಿಲ್ಲೆಯಿಂದ ಹೋಗಿ ಎಸ್ಟೇಟುಗಳಲ್ಲಿ ಬದುಕು ಕಟ್ಟಿಕೊಂಡಿದ್ದವರೂ ಇದ್ದರು. ಅವರ ಮಕ್ಕಳು ಮಲಯಾಳ ಕಲಿತು ಅಲ್ಲಿಯವರೇ ಆಗಿದ್ದರು. ಆ ವಾರ ಚಾಮರಾಜನಗರದ ಹಳ್ಳಿಗಳಲ್ಲಿ ಮಲಯಾಳದ ಟೀವಿ ಚಾನಲ್ಲುಗಳ ಮುಂದೆ ಕೂತವರಿಗೆ ಅನುವಾದಕರು ಬೇಕಾಗಲಿಲ್ಲ.

ಜಗಳಗಳೂ ಇವೆ, ಮುಚ್ಚಿಡಬೇಕಿಲ್ಲ. ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ ವಾಹನಗಳಿಗೆ ಸಿಕ್ಕಿ ಜಿಂಕೆ, ಆನೆಗಳು ಸಾಯುತ್ತವೆಂದು 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಲಾಯಿತು. ವಯನಾಡಿನವರಿಗೆ ಅದು ಕರ್ನಾಟಕ ಹಾಕಿದ ಬೀಗವಾಗಿ ಕಂಡಿತು. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹವೇ ನಡೆಯಿತು. ಕರ್ನಾಟಕದಲ್ಲಿ ಬೀಗವನ್ನು ತೆಗೆಯಬೇಡಿ ಎಂಬ ಕೂಗು. ಎರಡೂ ಕಡೆ ಭಾಷಣದ ಬಿಸಿಯಲ್ಲಿ ಹುಲಿ ಆನೆಗಳೂ ಕನ್ನಡಿಗರೋ ಮಲಯಾಳಿಗಳೋ ಆಗಿಬಿಟ್ಟವು.

ಆದರೂ ಸಂಜೆ ಎಂಟೂ ಮುಕ್ಕಾಲಿಗೆ ಮದ್ದೂರಿನ ಚೆಕ್‌ಪೋಸ್ಟಿನ ಬಳಿ ನಿಂತು ನೋಡಬೇಕು. ಹೊಲ ನೋಡಿ ತಡಮಾಡಿದ ಕೊನೆಯ ಕಾರುಗಳು ಹಾರನ್ನು ಬಾರಿಸುತ್ತಾ ಬರುತ್ತವೆ. ಒಂಬತ್ತಕ್ಕೆ ಗೇಟು ಬೀಳುತ್ತದೆ. ಆಂಬುಲೆನ್ಸು, ಬೆರಳೆಣಿಕೆಯ ಸರ್ಕಾರಿ ಬಸ್ಸು ಬಿಟ್ಟರೆ ಇನ್ನೇನೂ ಇಲ್ಲ. ತಪ್ಪಿಸಿಕೊಂಡವರು ಬೆಳಗಿನ ಆರರವರೆಗೆ ಅಲ್ಲೇ. ತರಕಾರಿ ಲಾರಿಯ ಡ್ರೈವರುಗಳು ಟೀ ಅಂಗಡಿಯ ಬೆಂಚಿನ ಮೇಲೆ ಕೂರುತ್ತಾರೆ. ಒಬ್ಬ ಮಲಯಾಳದಲ್ಲಿ ಕೇಳಿದ್ದಕ್ಕೆ ಇನ್ನೊಬ್ಬ ಕನ್ನಡದಲ್ಲಿ ಉತ್ತರಿಸುತ್ತಾನೆ, ಮೂರನೆಯವನು ತಮಿಳಿನಲ್ಲಿ ನಡುವೆ ಬಾಯಿ ಹಾಕುತ್ತಾನೆ. ಟೀ ಅಂಗಡಿಯವನು ಎಲ್ಲರಿಗೂ ಸೇರಿಸಿ ಕೇಳುತ್ತಾನೆ, ‘ಆಲು ಕಮ್ಮಿ ಅದೆ ಕನ, ಕಪ್ಪು ಟೀ ಆಗದಾ?’

ಯಾರೂ ನಗುವುದಿಲ್ಲ. ಆಗ್ತದೆ ಎನ್ನುತ್ತಾರೆ.